ಗುಂಡ್ಲುಹೊಳೆ, ಹೊನ್ನುಹೊಳೆಗಳ ಕಾವಲು

ನಂಜನಗೂಡಿಗೆ ಯಾತ್ರೆ ಹೋಗಿಬಂದ ಮನೆತನಗಳಲ್ಲಿ ಕೌಂಡಿನ್ಯಾ ನದಿಯ ಹೆಸರನ್ನು ಕೇಳದವರು ವಿರಳ. ಕಪಿಲೆಯೂ ಕೌಂಡಿನ್ಯೆಯೂ ಕೂಡುವೆಡೆಯಲ್ಲಿ ಪರಶುರಾಮ ಕ್ಷೇತ್ರವಿರುವುದು. ಅಲ್ಲಿ ಮಿಂದು ಶ್ರೀಕಂಠೇಶ್ವರನ ದರ್ಶನಕ್ಕೆ ನಡೆಯುವ ಆಸ್ತಿಕರೆಲ್ಲರಿಗೂ, ಆ ಪುಣ್ಯನದಿಯೇ ಗುಂಡ್ಲುಪೇಟೆಯ ಮಗ್ಗುಲಲ್ಲಿ ವರ್ಷದ ಬಹುಭಾಗ ಒಣಗಿ, ಗಿಡಗಂಟೆಗಳ ಹಳ್ಳವಾಗಿ ಬಿದ್ದಿರುವ ಗುಂಡ್ಲುಹೊಳೆಯೆಂಬುದು ತಿಳಿದಿರುವುದೆಂದು ಹೇಳಲಾಗದು. ಸಂಸ್ಕೃತದ ಹೆಸರಿಗೆ ಕೈಮುಗಿದು ಕನ್ನಡದ ಹೆಸರಿಗೆ ಕಸ ಸುರಿಯುವ ವಾಡಿಕೆ ಈ ಒಂದು ಹೊಳೆಗೆ ಮಾತ್ರ ಸಂದುದಲ್ಲ. ಆದರೆ ಇಲ್ಲಿ ಆ ಎರಡು ಹೆಸರುಗಳ ನಡುವಣ ದೂರವು ಇಪ್ಪತ್ತೈದು ಮೈಲಿಯನ್ನು ಮೀರದು.

ಹೊಳೆಯು ಹುಟ್ಟುವುದು ಹಿಮವದ್ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ. 1454 ಮೀಟರು ಎತ್ತರದ ಆ ಬೆಟ್ಟದ ಸಾಲಿನಿಂದ ದಕ್ಷಿಣಕ್ಕಿಳಿದ ನೀರು ಮೋಯಾರನ್ನೂ ಅದರ ಮೂಲಕ ಭವಾನಿಯನ್ನೂ ಸೇರುವುದು. ಉತ್ತರಕ್ಕಿಳಿದುದು ಗುಂಡ್ಲುಹೊಳೆಯಾಗಿ ಕಪಿಲೆಯನ್ನು ಸೇರುವುದು. ಬೇರೆಬೇರೆ ದಾರಿ ಹಿಡಿದರೂ ಎರಡಕ್ಕೂ ಕಾವೇರಿಯೇ ಕಡೆಯ ಮನೆ. ಮೂಡಲಿಗೆ ಚಾಮರಾಜನಗರದ ಸೀಮೆಯಲ್ಲಿ ಹರಿಯುವ ಸುವರ್ಣಾವತಿಯೂ ಹಾಗೆಯೇ ಯಳಂದೂರನ್ನು ಹಾದು, ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಗೆ ಸಲ್ಲುವುದು. ಜನರ ಬಾಯಲ್ಲಿ ಅದು ಹೊನ್ನುಹೊಳೆ. ಹೆಣ್ಣಿನ ಬಾಳನ್ನು ಕುರಿತು ಹಾಡಿದ ಸಂಚಿಯ ಹೊನ್ನಮ್ಮ ಇದೇ ಯಳಂದೂರಿನವಳೆಂಬುದನ್ನು ವಾಚಕರು ಬಲ್ಲರು.

ಹೊಳೆಯ ದಡವನ್ನು ರಾಜರು ಆದರಿಸಿದುದಕ್ಕೆ ಸಾಕ್ಷಿಗಳಿವೆ. ಪಟ್ಟಕ್ಕೆ ಬರುವ ಮುನ್ನ ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ ಕಾವಲಿನಲ್ಲಿದ್ದ ಚಿಕ್ಕದೇವರಾಜ ಒಡೆಯರು, 1673ರಲ್ಲಿ ಸಿಂಹಾಸನವೇರಿದ ಮೇಲೆ, ತಮ್ಮ ತಂದೆಯ ಸದ್ಗತಿಗಾಗಿ ಕೌಂಡಿನ್ಯೆಯ ತೀರದಲ್ಲಿ ಪರವಾಸುದೇವರ ಗುಡಿಯನ್ನೆತ್ತಿಸಿದರು. ಆದರೆ ಗುಡಿಗೆ ದತ್ತಿ ಬಿಟ್ಟ ಮಾತ್ರಕ್ಕೆ ಹೊಳೆ ಹರಿಯುವುದಿಲ್ಲ. ನೀಲಗಿರಿಯೂ ವಯನಾಡಿನ ಬೆಟ್ಟಗಳೂ ಮುಂಗಾರಿನ ಮೋಡಗಳನ್ನು ತಡೆದು ಹಿಂಡಿಕೊಂಡ ಬಳಿಕ ಉಳಿದುದು ಈ ಸೀಮೆಯ ಪಾಲಿಗೆ ಬರುವುದು. ಇಂತಹ ಮಳೆಯ ನೆರಳಿನ ನಾಡಿನಲ್ಲಿ ಹೊಳೆಯ ಕಾವಲು ಹೊಳೆಯ ದಡದಲ್ಲಿ ಮೊದಲಾಗುತ್ತಿರಲಿಲ್ಲ. ಅದು ಮೇಲಣ ಹಳ್ಳಿಗಳ ಕೆರೆಯ ಏರಿಯ ಮೇಲೆ ಮೊದಲಾಗುತ್ತಿತ್ತು.

ಇದರ ಮರ್ಮವನ್ನು ತುಸು ಬಿಡಿಸಿ ಹೇಳುವುದು ಅವಶ್ಯ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಣ ಕೆರೆಗೆ ಬೀಳುವುದು. ಅದು ತುಂಬಿದರೆ ಅದರ ಕೆಳಗಣದಕ್ಕೆ. ಕಟ್ಟಕಡೆಯ ಕೋಡಿಯ ನೀರು ಹೊಳೆಗೆ. ಮಳೆ ನಿಂತ ಮೇಲೆಯೂ ಕೆರೆಗಳಲ್ಲಿ ನಿಂತ ನೀರು ನೆಲದೊಳಗೆ ಇಂಗಿ, ಬಾವಿಗಳನ್ನು ತುಂಬಿ, ಮೆಲ್ಲಮೆಲ್ಲನೆ ಹಳ್ಳದ ಮಗ್ಗುಲುಗಳಲ್ಲಿ ಒಸರುವುದು. ಬೇಸಗೆಯ ಹೊಳೆಯೆಂದರೆ ಈ ಒಸರೇ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯವರು 1866ರ ಸುಮಾರಿನಲ್ಲಿ ಇಲ್ಲಿಯ ಕೆರೆಗಳ ಸಾಲುಗಳನ್ನು ಪರೀಕ್ಷಿಸಿ, ಸಂಸ್ಥಾನದ ನೆಲದಲ್ಲಿ ನೂರಕ್ಕೆ ಅರುವತ್ತರಷ್ಟು ಭಾಗವನ್ನು ಜನರು ಕೆರೆಗಳ ವ್ಯವಸ್ಥೆಯೊಳಕ್ಕೆ ತಂದಿರುವರೆಂದೂ, ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂದೂ ಬೆರಗಾಗಿ ಬರೆದರು.

ಈ ಸಾಲುಗಳನ್ನು ಕಾಯುತ್ತಿದ್ದವರು ಯಾರು? ಕನ್ನಡನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗಿ ಎಂಬ ಮಾತುಗಳು ಪದೇ ಪದೇ ಬರುವುವು. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದುದನ್ನು ಸರಿಪಡಿಸಿದವನಿಗೆ, ಅದರ ಕೆಳಗೆ ಇಂತಿಷ್ಟು ಗದ್ದೆ ಎಂದು ಬಿಟ್ಟ ದತ್ತಿಗಳು ಇವು. ದಿನದಿನದ ಕೆಲಸಕ್ಕೆ ನೀರಗಂಟಿಯಿದ್ದನು. ತೂಬೆತ್ತುವವನು ಅವನೇ, ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವವನು ಅವನೇ, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಏಡಿಯ ಬಿಲದಲ್ಲಿ ನೀರು ಜಿನುಗುವುದನ್ನು ಕಂಡು ಊರನ್ನೆಬ್ಬಿಸುವವನೂ ಅವನೇ. ಸುಗ್ಗಿಯ ಕಣದಲ್ಲಿ ಅವನ ಪಾಲು ಅವನಿಗೆ ಸಲ್ಲುತ್ತಿತ್ತು. ಉಳಿದಂತೆ ಏರಿಗೆ ಮಣ್ಣು ಹಾಕುವುದು, ಕೊರಕಲು ತುಂಬುವುದು, ಪಾಪಸುಕಳ್ಳಿಯನ್ನು ಕಿತ್ತೆಸೆಯುವುದು ಅಚ್ಚುಕಟ್ಟಿನ ರೈತರೆಲ್ಲರ ಹೊಣೆ. ಕಲ್ಲುಕೆಲಸ ಸರ್ಕಾರದ್ದು, ಮಣ್ಣುಕೆಲಸ ರೈತರದು ಎಂಬುದನ್ನು ಮುಂದೆ ಮೈಸೂರಿನ ನಿಬಂಧನೆಗಳೂ ಒಪ್ಪಿಕೊಂಡವು.

ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ಕೆಲವು ಸಂಗತಿಗಳನ್ನು ಮುಚ್ಚಿಡುವುದು ಚರಿತ್ರಕಾರನಿಗೆ ತರವಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ನೀರಗಂಟಿಯು ಎಷ್ಟೋ ಊರುಗಳಲ್ಲಿ ಊರಬಾವಿಯಿಂದ ಒಂದು ಕೊಡ ನೀರು ಸೇದುವ ಹಕ್ಕಿಲ್ಲದ ಕುಲದವನಾಗಿದ್ದನು. ಕೂಡಿ ಮಾಡಿದ ಕೆಲಸವೆಲ್ಲ ಮನಸ್ಸು ಕೂಡಿ ಮಾಡಿದುದೂ ಅಲ್ಲ. ಬಿಟ್ಟಿ ಎಂಬ ಮಾತು ಶಾಸನಗಳಲ್ಲಿಯೇ ಇದೆ. ಗೌಡನ ಗದ್ದೆಗೆ ಮೊದಲು ನೀರು ಹರಿಯುತ್ತಿತ್ತೆಂಬುದಕ್ಕೆ ಶಾಸನವನ್ನು ಹುಡುಕಬೇಕಾಗಿಲ್ಲ. ಇಷ್ಟಿದ್ದರೂ ಒಂದು ಗುಣವನ್ನು ಅಲ್ಲಗಳೆಯುವಂತಿಲ್ಲ: ಕಾಲುವೆಯ ಹೂಳೆತ್ತಿದವನಿಗೆ ಆ ಕಾಲುವೆಯ ನೀರಿನಲ್ಲಿ ಪಾಲಿತ್ತು, ಎತ್ತದವನು ಮರುದಿನವೇ ಅದರ ಫಲವನ್ನು ಕಾಣುತ್ತಿದ್ದನು.

ಸ್ಪೇನ್ ದೇಶದ ವೆಲೆನ್ಸಿಯಾ ನಗರದಲ್ಲಿ ಇಂತಹುದೇ ಒಂದು ಪದ್ಧತಿ ಶತಮಾನಗಳಿಂದ ಉಳಿದುಬಂದಿರುವುದು. ಪ್ರತಿ ಗುರುವಾರ ಮಧ್ಯಾಹ್ನ ಅಲ್ಲಿಯ ದೊಡ್ಡ ಇಗರ್ಜಿಯ ಬಾಗಿಲಲ್ಲಿ, ಕಾಲುವೆಗಳ ರೈತರೇ ಆರಿಸಿದ ಪಂಚರು ಕುಳಿತು ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲಿಯೇ ತೀರ್ಮಾನಿಸುವರು. ಯುನೆಸ್ಕೋ ಸಂಸ್ಥೆಯು 2009ರಲ್ಲಿ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಂಡ್ಲುಪೇಟೆಯ ಪಂಚರಿಗೆ ಅಂತಹ ಭಾಗ್ಯವಿರಲಿಲ್ಲ. 1831ರಿಂದ 1881ರ ವರೆಗೆ ನಡೆದ ಕಮಿಷನರುಗಳ ಆಡಳಿತದಲ್ಲಿ, 1856ರಲ್ಲಿ, ಪಬ್ಲಿಕ್ ವರ್ಕ್ಸ್ ಇಲಾಖೆಯು ಹುಟ್ಟಿತು. ದೊಡ್ಡ ಕೆರೆಗಳು ಅದರ ಕೈಗೆ ಬಂದವು. ಅಳತೆ, ನಕ್ಷೆ, ಅಂದಾಜುಪಟ್ಟಿ ಬಂದವು. ಒಳ್ಳೆಯದೇ ಆಯಿತು. ಆದರೆ ಏರಿಯಲ್ಲಿ ಬಿಲ ಕಂಡರೆ ಗುದ್ದಲಿ ಹಿಡಿಯುತ್ತಿದ್ದ ಕೈ ಅರ್ಜಿ ಬರೆಯುವುದನ್ನು ಕಲಿತಿತು. ಆ ಮೇಲೆ 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಘೋರಕ್ಷಾಮವು ಬಂದು ಹಳ್ಳಿಹಳ್ಳಿಗಳಲ್ಲಿ ಗುದ್ದಲಿ ಹಿಡಿಯುವ ಕೈಗಳನ್ನೇ ಕಡಮೆ ಮಾಡಿತು.

ಕೆಟ್ಟುದನ್ನು ಸರಿಪಡಿಸುವ ಯತ್ನಗಳು ನಡೆಯದೆ ಇರಲಿಲ್ಲ. 1911ರಲ್ಲಿ ಮೈಸೂರು ಸರ್ಕಾರವು ಕೆರೆ ಪಂಚಾಯತಿಗಳ ರೆಗ್ಯುಲೇಷನ್ನನ್ನು ಹೊರಡಿಸಿ, ಕೆರೆಗಳ ಜೀರ್ಣೋದ್ಧಾರದಲ್ಲಿ ರೈತರ ಪಂಚಾಯತಿಗೆ ಕಾನೂನಿನ ಆಧಾರವನ್ನು ಕೊಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1914ರಲ್ಲಿ ಗ್ರಾಮಾಭಿವೃದ್ಧಿಯ ಯೋಜನೆಯು ಆರಂಭವಾಗಿ, ಹಳ್ಳಿಗರು ವಾರಕ್ಕೆ ಅರ್ಧ ದಿನದ ದುಡಿಮೆಯನ್ನು ಊರಿನ ಕೆಲಸಕ್ಕೆ ಕೊಡತಕ್ಕದ್ದೆಂಬ ಏರ್ಪಾಡಾಯಿತು. ಬಿಟ್ಟಿಯ ಕಹಿ ನೆನಪಿರುವ ಜನಕ್ಕೆ, ಸ್ವಸಂತೋಷದಿಂದ ಬನ್ನಿರೆಂದು ಸರ್ಕಾರವೇ ಕರೆಯುವುದು ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಹೊನ್ನುಹೊಳೆಯ ಕಥೆಯ ಪೂರ್ವಭಾಗವೂ ಹೀಗೆಯೇ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಯಳಂದೂರು ಸೀಮೆಯ ಸಮೃದ್ಧಿಗೆ ಆ ಹೊಳೆಯ ಕಾಲುವೆಗಳೇ ಮೂಲ. 1970ರ ದಶಕದಲ್ಲಿ ಅಟ್ಟುಗುಳಿಪುರದ ಬಳಿ ಹೊಳೆಗೆ ದೊಡ್ಡ ಅಣೆಕಟ್ಟು ಬಂದಿತು. ಪಕ್ಕದ ಚಿಕ್ಕಹೊಳೆಗೂ ಒಂದು ಬಂದಿತು. ಅನಂತರದ ದಶಕಗಳಲ್ಲಿ ಕೊಳವೆಬಾವಿಗಳು ಊರೂರಿಗೆ ಹಬ್ಬಿದವು. ಅರಿಶಿನ, ಕಬ್ಬು, ಬಾಳೆಗಳಿಗೆ ನೆಲದಾಳದಿಂದ ನೀರೆತ್ತುವ ರೈತನಿಗೆ ಕೆರೆಯ ಕೋಡಿ ಬಿದ್ದರೂ ಬೀಳದಿದ್ದರೂ ಒಂದೇ ಆಯಿತು. ಬಾವಿಯ ಆಳ ಹೆಚ್ಚಿದಂತೆ ಹೊಳೆಯ ಒಸರು ಬತ್ತಿತು. ಅದನ್ನು ಕೊಂಡವನೂ ಮಾರಿದವನೂ ಇಲ್ಲವಾದುದರಿಂದ ಯಾವ ಲೆಕ್ಕದ ಪುಸ್ತಕದಲ್ಲಿಯೂ ಆ ನಷ್ಟ ಕಾಣಿಸಲಿಲ್ಲ.

ಸ್ವಯಂಸೇವಕರು ಈ ಕಥೆಯೊಳಗೆ ಬರುವುದು ಇಂತಹ ಹೊತ್ತಿನಲ್ಲಿ. ಗಾಂಧೀಜಿಯವರ ಜನ್ಮಶತಾಬ್ದಿಯ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ಹುಟ್ಟಿದಂದಿನಿಂದ ಕಾಲೇಜಿನ ಹುಡುಗರು ಹಳ್ಳಿಗಳಲ್ಲಿ ಶಿಬಿರ ಹೂಡಿ ಕಲ್ಯಾಣಿಗಳ ಕಸ ತೆಗೆಯುವುದು, ಗಿಡ ನೆಡುವುದು ರೂಢಿಗೆ ಬಂದಿತು. ಇದು ಸಣ್ಣ ಕೆಲಸವೆಂದು ಹೀಗಳೆಯುವುದು ಸಲ್ಲದು. ಕೈಯಿಂದ ಹೂಳೆತ್ತಿದ ಹುಡುಗನು ಮುಂದೆ ಹೊಳೆಯೊಳಕ್ಕೆ ಕಸ ಚೆಲ್ಲಲು ಹಿಂಜರಿಯುವನು. ಆದರೆ ಶಿಬಿರವು ಮುಗಿಯುವುದು, ಕಸವು ಮುಗಿಯುವುದಿಲ್ಲ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಕಾಯುತ್ತಿದ್ದ ಕಾಮೇಗೌಡರು ಬೆಟ್ಟದ ಮೇಲೆ ಹತ್ತಕ್ಕೂ ಮಿಗಿಲಾದ ಕಟ್ಟೆಗಳನ್ನು ತೋಡಿಸಿ, 2022ರಲ್ಲಿ ತೀರಿಕೊಳ್ಳುವ ವರೆಗೂ ಅವುಗಳ ಯೋಗಕ್ಷೇಮ ನೋಡಿದರು. ಒಬ್ಬನಿಂದಾಗುವುದು ಎಷ್ಟೆಂಬುದಕ್ಕೆ ಅದು ನಿದರ್ಶನ. ಕೆರೆಗಳ ಸಾಲನ್ನು ಕಾಯುವ ಕೆಲಸಕ್ಕೆ ಒಬ್ಬ ಪುಣ್ಯಾತ್ಮನು ಸಾಲನು.

2019ರ ಫೆಬ್ರುವರಿಯಲ್ಲಿ ಗುಂಡ್ಲುಹೊಳೆಯ ತಲೆಯಲ್ಲಿಯೇ ಬೆಂಕಿ ಬಿದ್ದಿತು. ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ವಲಯದಲ್ಲಿ ಹತ್ತಿದ ಕಿಚ್ಚು ಹಲವು ದಿನ ಉರಿದು ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಆಗ ಅರಣ್ಯ ಇಲಾಖೆಯವರಿಗೆ ನೆರವಾಗಲು ಬೇರೆಬೇರೆ ಊರುಗಳಿಂದ ಸ್ವಯಂಸೇವಕರು ತಾವಾಗಿಯೇ ಬಂದು, ಸೊಪ್ಪಿನ ಕೊಂಬೆಗಳಿಂದ ನೆಲದ ಬೆಂಕಿಯನ್ನು ಬಡಿದರು. ತಾವು ಆರಿಸುತ್ತಿರುವುದು ಒಂದು ಹೊಳೆಯ ಮೂಲಸ್ಥಾನದ ಬೆಂಕಿಯೆಂದು ಅವರಲ್ಲಿ ಎಲ್ಲರೂ ಎಣಿಸಿರಲಾರರು. ಹುಲ್ಲೂ ತರಗೂ ಸುಟ್ಟ ಇಳಿಜಾರಿನ ಮೇಲೆ ಬಿದ್ದ ಮೊದಲ ಮಳೆ ಇಂಗದೆ ಮಣ್ಣನ್ನು ಹೊತ್ತು ಇಳಿಯುವುದು, ಆ ಮಣ್ಣು ಕೆಳಗಣ ಕೆರೆಗಳ ಹೂಳಾಗುವುದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ಬೆಂಕಿಯ ವಿಷಯದಲ್ಲಿ ಬೇರೊಂದು ಮಾತನ್ನು ಬಹುಕಾಲದಿಂದ ಹೇಳುತ್ತ ಬಂದಿರುವರು. ಹಿಂದೆ ಅವರು ಬೇಸಗೆ ಬಲಿಯುವ ಮೊದಲೇ ತರಗುಬೆಂಕಿಯೆಂಬ ಹಗುರವಾದ ಕಿಚ್ಚನ್ನು ಹಾಕುತ್ತಿದ್ದರು. ಅದರಿಂದ ಒಣತರಗು ಕೂಡಿಕೊಳ್ಳದೆ ದೊಡ್ಡ ಕಿಚ್ಚಿಗೆ ಎಡೆಯಿರುತ್ತಿರಲಿಲ್ಲ. 1974ರಲ್ಲಿ ಆ ಬೆಟ್ಟವು ಅಭಯಾರಣ್ಯವಾದ ಬಳಿಕ ಪದ್ಧತಿಯು ನಿಂತಿತು, ಲಂಟಾನದ ಪೊದೆ ಹಬ್ಬಿತು. ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆಯಿದ್ದು, ಆ ಎಲ್ಲೆಯೊಳಗಣ ಪವಿತ್ರ ತಾಣಗಳಲ್ಲಿ ಅಬ್ಬಿಯೆಂಬ ನೀರಿನ ತಾಣವೂ ಒಂದು. ಏಟ್ರೀ ಸಂಸ್ಥೆಯ ಸಂಶೋಧಕರೊಡಗೂಡಿ ಸೋಲಿಗರು ಈ ತಾಣಗಳ ನಕ್ಷೆಯನ್ನು ಸಿದ್ಧಪಡಿಸಿದರು. ಅರಣ್ಯಹಕ್ಕುಗಳ 2006ರ ಕಾಯಿದೆಯ ಮೇರೆಗೆ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತವು. ಕಾಡನ್ನು ಬಳಸುವ ಹಕ್ಕಿನೊಡನೆ ಅದನ್ನೂ ಅದರ ನೀರಿನ ಮೂಲಗಳನ್ನೂ ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುವ ಕಾಯಿದೆ ಅದು. ಬಿತ್ತುವಟ್ಟದ ನ್ಯಾಯವು ಬಯಲಿನಲ್ಲಿ ಅಳಿದ ಎಷ್ಟೋ ವರ್ಷಗಳ ಮೇಲೆ, ಬೆಟ್ಟದ ಮೇಲೆ, ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿತೆನ್ನಬಹುದು. ಕಾಯುವವರಿಗೆ ಪಾಲೂ ಅಧಿಕಾರವೂ ಇಲ್ಲದ ಸೇವೆಯನ್ನು ಎಷ್ಟು ದಿನ ಬೇಡುವುದೆಂಬ ಪ್ರಶ್ನೆಯನ್ನು ಬಯಲಿನವರು ಇನ್ನೂ ಕೇಳಿಕೊಳ್ಳಬೇಕಾಗಿದೆ.

ಬಯಲಿನಲ್ಲಿ ನಡೆದುದು ಬೇರೆ. ನಂಜನಗೂಡು ತಾಲ್ಲೂಕಿನ ಆಲಂಬೂರಿನಿಂದ ಕಪಿಲೆಯ ನೀರನ್ನು ಯಂತ್ರಗಳಿಂದೆತ್ತಿ, ಕೊಳವೆಗಳಲ್ಲಿ ಸಾಗಿಸಿ, ಗುಂಡ್ಲುಪೇಟೆ, ಚಾಮರಾಜನಗರ ಸೀಮೆಗಳ ಕೆರೆಗಳನ್ನು ತುಂಬಿಸುವ ಯೋಜನೆಯು ಬಂದಿತು. ಗುಂಡ್ಲುಹೊಳೆಯು ಯಾವ ಕಪಿಲೆಗೆ ನೀರನ್ನು ಕೊಂಡೊಯ್ಯುತ್ತಿತ್ತೋ ಆ ಕಪಿಲೆಯಿಂದಲೇ ಗುಂಡ್ಲುಹೊಳೆಯ ಸೀಮೆಗೆ ನೀರು ಬೆಟ್ಟದ ಕಡೆಗೆ ಏರಿ ಬರತೊಡಗಿತು. ಒಣಗಿದ ಕೆರೆಯಲ್ಲಿ ನೀರನ್ನು ಕಂಡ ಊರವರು ಬಾಗಿನ ಅರ್ಪಿಸುವುದೂ, ಸುತ್ತಣ ಬಾವಿಗಳಲ್ಲಿ ನೀರು ಮೇಲೇರುವುದೂ ಸಹಜವೇ. ಆದರೆ ಕೊಳವೆಯ ನೀರು ಕೆರೆಯನ್ನು ತುಂಬಿಸಬಲ್ಲುದಲ್ಲದೆ ಕೆರೆಯಿಂದ ಕೆರೆಗೆ ಹೋಗುವ ಹಳೆಯ ಕಾಲುವೆಯನ್ನು ತೆರೆಯಲಾರದು. ಆ ಕಾಲುವೆಯಲ್ಲಿ ಹೂಳು ತುಂಬಿದ್ದರೆ, ಅದರ ಮೇಲೆ ಯಾರಾದರೂ ಉತ್ತಿದ್ದರೆ, ಕೋಡಿಯನ್ನು ದಾಟಿದ ನೀರು ಹೊಲದಲ್ಲಿ ನಿಲ್ಲುವುದೇ ಹೊರತು ಹೊಳೆಯನ್ನು ಮುಟ್ಟುವುದಿಲ್ಲ.