ಪರವಾನಗಿ ಇಲ್ಲದೆ ಒಳಗೆ ಬರಬಾರದು

ಪುಣೆಯಿಂದ ಬೆಳಗಾವಿ ಕಡೆ ಹೋಗುವ ನಮಗೆಲ್ಲ ಕಾಗಲ್ ದಾಟಿದ ಮೇಲೆ ಬರುವ ಕೊಗನೊಳ್ಳಿ ಟೋಲ್ ನಾಕಾ ಗೊತ್ತೇ ಇದೆ. ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಯಿತು ಅಂತ ತಿಳಿಯುವುದು ಬೋರ್ಡಿನ ಅಕ್ಷರ ಬದಲಾದಾಗ ಮಾತ್ರ. 2021ರಲ್ಲಿ ಕೋವಿಡ್ ಹೊತ್ತಿನಲ್ಲಿ ಅಲ್ಲಿ ನಮ್ಮನ್ನು ತಡೆದು ಆರ್‌ಟಿ-ಪಿಸಿಆರ್ ವರದಿ ಕೇಳತೊಡಗಿದಾಗ ನಮ್ಮವರು ಎಷ್ಟು ಸಿಟ್ಟಾಗಿದ್ದರು, ನೆನಪಿದೆಯಲ್ಲ? "ನಮ್ಮ ಊರಿಗೆ ನಾವು ಹೋಗೋಕೆ ಯಾರ ಅಪ್ಪಣೆ ಬೇಕು?" ಎಂಬುದೇ ಎಲ್ಲರ ಮಾತು. ಅದಕ್ಕೆ ರೋಗದ ಕಾರಣವಿತ್ತು. ರೋಗ ಇಳಿದ ಮೇಲೆ ತಪಾಸಣೆಯೂ ನಿಂತಿತು.

ಆದರೆ ಇದೇ ರಸ್ತೆಯಲ್ಲಿ, ಇದೇ ಮೀರಜ್ ಮಾರ್ಗದ ರೈಲಿನಲ್ಲಿ ನಮ್ಮ ಜೊತೆಗೇ ಬಂದ ಒಂದು ವರ್ಗದ ಹೆಂಗಸರಿದ್ದಾರೆ. ಅವರಿಗೆ ಈ ತಪಾಸಣೆ ನೂರೈವತ್ತು ವರ್ಷ ಕಳೆದರೂ ಪೂರ್ತಿ ನಿಂತಿಲ್ಲ. ಪುಣೆಯ ಬುಧವಾರ ಪೇಠೆ, ಸಾಂಗಲಿಯ ಗೋಕುಳನಗರ, ಮುಂಬಯಿಯ ಕಾಮಾಠಿಪುರ ಎಂದರೆ ನಾವು ಮುಖ ತಿರುಗಿಸುತ್ತೇವೆ. ಆ ಗಲ್ಲಿಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕನ್ನಡ ಕೇಳಿಸುತ್ತಿತ್ತು ಎಂಬುದು ಗೊತ್ತಿದ್ದರೂ ನಾವು ಆಡದ ಮಾತು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಎಷ್ಟೋ ಹುಡುಗಿಯರು ಹೊಟ್ಟೆಪಾಡಿಗೆ ಬಂದದ್ದು ಈ ಪೇಟೆಗಳಿಗೇ. 1956ರ ನವೆಂಬರ್ 1ರ ತನಕ ಆ ಜಿಲ್ಲೆಗಳೂ ಪುಣೆಯೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹಾಗಾಗಿ ದಾಟಲು ಗಡಿಯೇ ಇರಲಿಲ್ಲ. ಗಡಿ ಇಲ್ಲದ ಕಡೆ ಈ ಹೆಂಗಸರಿಗೆ ಗಡಿ ಹೇಗೆ ಹುಟ್ಟಿತು ಎಂಬುದೇ ಇವತ್ತಿನ ಕಥೆ.

ಅದು ಶುರುವಾಗುವುದು ನಮ್ಮ ಮನೆ ಬಾಗಿಲಲ್ಲೇ. ಪಿಂಪ್ರಿಯಲ್ಲಿ ಲೋಕಲ್ ಹತ್ತಿದರೆ ಕಾಸರವಾಡಿ, ದಾಪೋಡಿ ಆದ ಮೇಲೆ ಖಡಕಿ. ಇಂಗ್ಲಿಷರ ಕಾಲದ ಕಿರ್ಕೀ ದಂಡು ಪ್ರದೇಶ. ಇಂಥ ಕಂಟೋನ್ಮೆಂಟುಗಳಿಗಾಗಿ 1864ರಲ್ಲಿ ಒಂದು ಕಾಯಿದೆ ಬಂತು. ಗೋರಾ ಸಿಪಾಯಿಗಳಿಗೆ ಗುಹ್ಯರೋಗ ಅಂಟದಂತೆ ನೋಡಿಕೊಳ್ಳಲು, ಅವರು ಹೋಗುವ ಹೆಂಗಸರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಒಂದು ಟಿಕೆಟ್ ಕೊಡುವ ಪದ್ಧತಿ ನಡೆಯಿತು. ಆಗಾಗ ತಪಾಸಣೆಗೆ ಹಾಜರಾಗಬೇಕು. ರೋಗ ಕಂಡರೆ 'ಲಾಕ್ ಹಾಸ್ಪಿಟಲ್' ಎಂಬ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಬೆಂಗಳೂರಿನ ದಂಡಿನಲ್ಲೂ ಅಂಥ ಆಸ್ಪತ್ರೆ ಇತ್ತು. ಸಿಪಾಯಿಗೆ ಟಿಕೆಟ್ಟೂ ಇಲ್ಲ, ರಿಜಿಸ್ಟರೂ ಇಲ್ಲ.

1868ರಲ್ಲಿ ಇದೇ ಪದ್ಧತಿಯನ್ನು ಊರುಗಳಿಗೂ ಹಬ್ಬಿಸಲು 14ನೇ ನಂಬರಿನ ಕಾಯಿದೆ ಬಂತು. ಬಂಗಾಳಿಗಳು ಅದನ್ನು 'ಚೌದ್ದೊ ಆಯಿನ್', ಅಂದರೆ ಹದಿನಾಲ್ಕರ ಕಾನೂನು ಎಂದೇ ಕರೆದರು. ಅದಕ್ಕೆ ಹೆದರಿ ಕಲಕತ್ತೆಯ ಎಷ್ಟೋ ಹೆಂಗಸರು ಫ್ರೆಂಚರ ವಶದಲ್ಲಿದ್ದ ಚಂದ್ರನಗರಕ್ಕೆ ಓಡಿಹೋದರು. ಗಡಿ ದಾಟಿದರೆ ಟಿಕೆಟ್ ಇಲ್ಲ! ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಮುಂತಾದವರು ಹೋರಾಡಿದ ಮೇಲೆ 1888ರಲ್ಲಿ ಕಾಯಿದೆ ರದ್ದಾಯಿತು. ಆದರೆ 1897ರ ಹೊತ್ತಿಗೆ ದಂಡಿನ ನಿಯಮಗಳಲ್ಲಿ ಬೇರೆ ದಾರಿ ಹುಡುಕಿದ್ದರು. ತಪಾಸಣೆಗೆ ಒಲ್ಲೆ ಎಂದವರನ್ನು ಕಂಟೋನ್ಮೆಂಟಿನ ಎಲ್ಲೆಯಿಂದ ಹೊರಗೆ ಕಳಿಸಬಹುದು. ಈ 'ಹೊರಗೆ ಕಳಿಸುವ' ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಅದೇ ಕಾಲದಲ್ಲಿ ದೇಶದೇಶಗಳ ಬಂದರುಗಳಲ್ಲೂ ಬಾಗಿಲು ಹಾಕಲು ಶುರುಮಾಡಿದರು. ಅಮೆರಿಕ 1875ರಲ್ಲಿ 'ಪೇಜ್ ಆಕ್ಟ್' ಮಾಡಿತು. ಹಾಂಗ್‌ಕಾಂಗಿನಿಂದ ಹಡಗು ಹತ್ತುವ ಚೀನೀ ಹೆಂಗಸರು ತಾವು ಆ ವೃತ್ತಿಯವರಲ್ಲ ಎಂದು ಅಲ್ಲಿನ ಅಮೆರಿಕನ್ ಕಾನ್ಸುಲ್‌ಗೆ ಒಪ್ಪಿಸಬೇಕಿತ್ತು. ಮದುವೆಯಾದವರು, ಕೂಲಿ ಮಾಡುವವರು ಎಲ್ಲರೂ ಸಂಶಯಕ್ಕೆ ಒಳಗಾದರು. ಅಲ್ಲಿಗೆ ಹೋಗುವ ಚೀನೀ ಹೆಂಗಸರ ಸಂಖ್ಯೆಯೇ ಇಳಿದುಹೋಯಿತು. ಒಂದು ಬಗೆಯ ಹೆಣ್ಣನ್ನು ತಡೆಯಲು ಕಟ್ಟಿದ ಬಾಗಿಲು ಎಲ್ಲ ಹೆಣ್ಣುಗಳಿಗೂ ಅಡ್ಡವಾಗುತ್ತದೆ ಎಂಬುದಕ್ಕೆ ಇದು ಹಳೆಯ ಉದಾಹರಣೆ.

ಮುಂದೆ 1904, 1910, 1921ರಲ್ಲಿ ಅಂತರರಾಷ್ಟ್ರೀಯ ಒಪ್ಪಂದಗಳಾದವು. ಕೊನೆಗೆ 1949ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು. ಇದರಲ್ಲಿ ಒಂದು ವಿಚಿತ್ರ ಇದೆ. ಅದರ 6ನೇ ವಿಧಿ ಈ ಹೆಂಗಸರಿಗೆ ಪ್ರತ್ಯೇಕ ರಿಜಿಸ್ಟರು, ಪ್ರತ್ಯೇಕ ಟಿಕೆಟ್ ಇಡಬಾರದು ಎನ್ನುತ್ತದೆ. ಅಂದರೆ ಖಡಕಿಯ ಪದ್ಧತಿ ತಪ್ಪು ಎಂದು ಲೋಕವೇ ಒಪ್ಪಿದಂತಾಯಿತು. ಆದರೆ 17ನೇ ವಿಧಿ ರೈಲು ನಿಲ್ದಾಣ, ವಿಮಾನ ನಿಲ್ದಾಣ, ಬಂದರುಗಳ ಮೇಲೆ ಕಣ್ಣಿಡಿ ಎನ್ನುತ್ತದೆ. ಕೈಯಲ್ಲಿದ್ದ ಟಿಕೆಟ್ ಹೋಗಿ, ದಾರಿಯ ಮೇಲೆ ಕಾವಲು ಬಂತು.

ಭಾರತ ಈ ಒಪ್ಪಂದಕ್ಕೆ 1950ರ ಮೇ 9ರಂದು ಸಹಿ ಹಾಕಿತು. ಅದರಂತೆ ಮಾಡಿದ ಕಾನೂನೇ 1956ರ ಅನೈತಿಕ ವ್ಯವಹಾರ ತಡೆ ಕಾಯಿದೆ. ಈ ಕಾಯಿದೆ ವೃತ್ತಿಯನ್ನೇ ಅಪರಾಧ ಎನ್ನುವುದಿಲ್ಲ. ಮನೆ ನಡೆಸುವುದು, ದಲ್ಲಾಳಿತನ, ಇನ್ನೊಬ್ಬರ ಗಳಿಕೆಯ ಮೇಲೆ ಬದುಕುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿ ಕರೆಯುವುದು, ಇವು ಅಪರಾಧ. ಆದರೆ ಅದರ 20ನೇ ಕಲಂ ನೋಡಿ. ತನ್ನ ವ್ಯಾಪ್ತಿಯಲ್ಲಿ ಇಂಥ ಹೆಂಗಸು ಇದ್ದಾಳೆ ಎಂಬ ಮಾಹಿತಿ ಬಂದರೆ ಮ್ಯಾಜಿಸ್ಟ್ರೇಟರು ನೋಟಿಸು ಕೊಟ್ಟು, ವಿಚಾರಿಸಿ, ಆಕೆ ಊರು ಬಿಡಬೇಕೆಂದು ಆದೇಶಿಸಬಹುದು. ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಸಮಯದೊಳಗೆ ಎಂಬುದನ್ನೂ ಅವರೇ ಬರೆಯಬಹುದು. ತಿರುಗಿ ಆ ಊರಿಗೆ ಬರಬೇಕೆಂದರೆ ಮ್ಯಾಜಿಸ್ಟ್ರೇಟರ ಲಿಖಿತ ಪರವಾನಗಿ ಬೇಕು. ಮೀರಿದರೆ 200 ರೂಪಾಯಿವರೆಗೆ ದಂಡ, ಆಮೇಲೆ ಮುಂದುವರಿದರೆ ದಿನಕ್ಕೆ 20 ರೂಪಾಯಿವರೆಗೆ. ವೀಸಾ ಅಂದರೆ ಇದಲ್ಲದೆ ಇನ್ನೇನು ಸ್ವಾಮಿ? ತನ್ನದೇ ದೇಶದಲ್ಲಿ, ಒಂದು ಊರಿನಿಂದ ಇನ್ನೊಂದು ಊರಿಗೆ!

ಹೆಂಗಸರು ಇದನ್ನು ಸುಮ್ಮನೆ ಸಹಿಸಲಿಲ್ಲ. 1958ರ ಮೇ ತಿಂಗಳಲ್ಲಿ ಕಾಯಿದೆ ಜಾರಿಗೆ ಬರುತ್ತಲೇ ಹುಸ್ನಾ ಬಾಯಿ ಎಂಬಾಕೆ ಅಲಹಾಬಾದ್ ಹೈಕೋರ್ಟಿಗೆ ಹೋದರು. ಅವರ ಅರ್ಜಿ ತಾಂತ್ರಿಕ ಕಾರಣಕ್ಕೆ ನಿಲ್ಲಲಿಲ್ಲ. ಆಮೇಲೆ ಕಾನ್ಪುರದ ಕೆಲವು ಹೆಂಗಸರಿಗೆ ಊರು ಬಿಡುವ ನೋಟಿಸು ಬಂದಾಗ ಅವರು ಅದೇ ಹೈಕೋರ್ಟಿನಲ್ಲಿ ಗೆದ್ದರು. ಸಂವಿಧಾನದ 19ನೇ ವಿಧಿ ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕು ಕೊಟ್ಟಿದೆ, 20ನೇ ಕಲಂ ಅದಕ್ಕೆ ವಿರುದ್ಧ ಎಂದಿತು ಹೈಕೋರ್ಟು. ಉತ್ತರ ಪ್ರದೇಶ ಸರ್ಕಾರ ಅಪೀಲು ಹೋಯಿತು. 1963ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪನ್ನು ತಿರುಗಿಸಿತು. ಈ ವೃತ್ತಿಯವರನ್ನು ಬೇರೆ ವರ್ಗವಾಗಿ ನೋಡಬಹುದು, ಸಾರ್ವಜನಿಕ ಹಿತಕ್ಕಾಗಿ ಅವರ ಓಡಾಟಕ್ಕೆ ಕಡಿವಾಣ ಹಾಕಬಹುದು ಎಂದಿತು. 'ಕೌಶಲ್ಯಾ ಪ್ರಕರಣ' ಎಂದೇ ಅದು ಪ್ರಸಿದ್ಧ.

ಒಂದು ಕ್ಷಣ ನಮ್ಮ ಕಡೆ ನೋಡೋಣ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಬಂತು, ಆಮೇಲೆ ಟೆಲ್ಕೋ, ಬಜಾಜ್. ನಮ್ಮವರು ಟ್ರಂಕು ಹೊತ್ತು ಬಂದು ಇಳಿದರು. ಯಾರೂ ಪರವಾನಗಿ ಕೇಳಲಿಲ್ಲ. ನಾವು ಇಲ್ಲಿ ಮನೆ ಕಟ್ಟಿದ್ದು, ಸಂಘ ಕಟ್ಟಿದ್ದು, ರಾಜ್ಯೋತ್ಸವ ಮಾಡುವುದು, ಎಲ್ಲ ಆ 19ನೇ ವಿಧಿಯ ಬಲದ ಮೇಲೆ. ಗಡಿ ಗಲಾಟೆ ಎದ್ದಾಗ "ನಿಮ್ಮ ರಾಜ್ಯಕ್ಕೆ ಹೋಗಿ" ಎಂಬ ಮಾತು ಕಿವಿಗೆ ಬಿದ್ದರೆ ನಾವು ನೆನೆಯುವುದೂ ಅದನ್ನೇ.

ಅದೇ "ನಿಮ್ಮ ರಾಜ್ಯಕ್ಕೆ ಹೋಗಿ" ಎಂಬುದು ಮುಂಬಯಿಯಲ್ಲಿ ಕೋರ್ಟಿನ ಆದೇಶದಲ್ಲೇ ಬಂತು. 2019ರಲ್ಲಿ ಪೊಲೀಸರು ಕರೆತಂದ ಮೂವರು ವಯಸ್ಕ ಯುವತಿಯರನ್ನು, ಅವರು ಉತ್ತರ ಪ್ರದೇಶದವರು ಎಂದು ಅಲ್ಲಿಯ ಆಶ್ರಯಕೇಂದ್ರಕ್ಕೆ ಕಳಿಸುವಂತೆ ಮ್ಯಾಜಿಸ್ಟ್ರೇಟ್ ಕೋರ್ಟು ಹೇಳಿತು. 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಪೃಥ್ವಿರಾಜ್ ಚವಾಣ್ ಅದನ್ನು ರದ್ದು ಮಾಡಿ ಮೂವರನ್ನೂ ಬಿಡಿಸಿದರು. ವಯಸ್ಸಿಗೆ ಬಂದವರು ತಮಗೆ ಬೇಕಾದ ಕಡೆ ಇರಬಹುದು, ಓಡಾಡಬಹುದು ಎಂದರು. ಇದು ಕೌಶಲ್ಯಾ ತೀರ್ಪನ್ನು ಅಳಿಸಲಿಲ್ಲ, ಅದು ಸುಪ್ರೀಂ ಕೋರ್ಟಿನದು. ಆದರೂ ಗಾಳಿ ಬದಲಾದ ಸೂಚನೆ.

ಇನ್ನು ವಿದೇಶದ ವಿಷಯ. ಅಮೆರಿಕದ ವೀಸಾ ಫಾರ್ಮು ತುಂಬಿದವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅದರಲ್ಲಿ ಒಂದು ಪ್ರಶ್ನೆ: ವೇಶ್ಯಾವೃತ್ತಿಗಾಗಿ ಬರುತ್ತಿದ್ದೀರಾ, ಅಥವಾ ಕಳೆದ 10 ವರ್ಷದಲ್ಲಿ ಅದನ್ನು ಮಾಡಿದ್ದೀರಾ? ಸೊಸೆಯ ಬಾಣಂತನಕ್ಕೆ ಹೊರಟ ಅರವತ್ತು ದಾಟಿದ ತಾಯಂದಿರೂ ಇದಕ್ಕೆ 'ಇಲ್ಲ' ಎಂದು ಉತ್ತರಿಸಿರುತ್ತಾರೆ. ಫಾರ್ಮು ತುಂಬುವ ಮಗ ಅಮ್ಮನಿಗೆ ಹೇಳಿರುವುದಿಲ್ಲ, ಅಷ್ಟೇ! ನಮಗೆ ಇದು ನಗುವ ಸಂಗತಿ. 'ಹೌದು' ಎನ್ನಬೇಕಾದವರಿಗೆ ಬಾಗಿಲು ಮುಚ್ಚಿದಂತೆ. ವಿಶೇಷ ವಿನಾಯಿತಿ ಬೇಡಬಹುದು, ಅದು ಅವರ ಮರ್ಜಿ. 'ಇಲ್ಲ' ಎಂದರೆ ಸುಳ್ಳು ಹೇಳಿದ ಅಪರಾಧ. 2012ರ ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆದಾಗ ಇದೇ ಪ್ರಶ್ನೆ ಎದುರಾಯಿತು. ಏಡ್ಸ್ ತಡೆಯುವ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರಿಗೇ ಪ್ರವೇಶವಿಲ್ಲ. ಅದಕ್ಕೆ ಅವರು ಅದೇ ವಾರ ನಮ್ಮ ಕಲಕತ್ತೆಯಲ್ಲಿ ಬೇರೆ ಸಮ್ಮೇಳನ ನಡೆಸಿದರು. ಹಲವು ದೇಶಗಳಿಂದ ನೂರಾರು ಜನ ಬಂದರು. 2003ರಲ್ಲಿ ಈ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆದ ನ್ಯೂಜಿಲೆಂಡ್ ಕೂಡ ತಾತ್ಕಾಲಿಕ ವೀಸಾದವರಿಗೆ ಆ ಕೆಲಸ ನಿಷೇಧಿಸಿದೆ. ಊರಿನವಳಾದರೆ ಕೆಲಸ, ಹೊರಗಿನವಳಾದರೆ ಗಡೀಪಾರು.

ಹಾಗಾದರೆ ಕಾವಲೇ ಬೇಡವೇ ಎಂದು ನೀವು ಕೇಳಬಹುದು. ಬೇಕು. ಮೋಸಹೋದ ಹದಿನಾಲ್ಕರ ಹುಡುಗಿಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ತಡೆದು ಉಳಿಸುವವರಿಗೆ ಕೈಮುಗಿಯಬೇಕು. ಆದರೆ ತಡೆದವಳಿಗೆ ಮುಂದೇನು? 1996ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೊಡ್ಡ ದಾಳಿ ನಡೆದು ನೂರಾರು ಹುಡುಗಿಯರನ್ನು ಬಿಡಿಸಿದರು. ಅವರಲ್ಲಿ ಬಹಳಷ್ಟು ಮಂದಿ ನೇಪಾಳದವರು. 1950ರ ಒಪ್ಪಂದದಿಂದಾಗಿ ನೇಪಾಳದಿಂದ ಬರಲು ವೀಸಾ ಬೇಡ, ಹಾಗಾಗಿ ಅವರನ್ನು ತಂದವರಿಗೆ ಗಡಿ ಅಡ್ಡಬರಲಿಲ್ಲ. ತಿರುಗಿ ಹೋಗುವಾಗ ಮಾತ್ರ ಪೌರತ್ವದ ಕಾಗದ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಸಂಘ-ಸಂಸ್ಥೆಗಳು ಮುಂದೆ ಬಂದು ಹಲವರನ್ನು ಊರಿಗೆ ಮುಟ್ಟಿಸಬೇಕಾಯಿತು.

ನಾನು ಬ್ಯಾಂಕಿನವನು, ಕಾಗದದ ಬೆಲೆ ಬಲ್ಲೆ. ವಿಳಾಸದ ಪುರಾವೆ ಇಲ್ಲದವರಿಗೆ ಖಾತೆ ಇಲ್ಲ, ಖಾತೆ ಇಲ್ಲದವರ ದುಡ್ಡು ಮನೆಯೊಡತಿಯ ಪೆಟ್ಟಿಗೆಯಲ್ಲಿ. ಆದ್ದರಿಂದ 2022ರ ಮೇ 19ರ ಸುಪ್ರೀಂ ಕೋರ್ಟಿನ ಆದೇಶ ನನಗೆ ದೊಡ್ಡದಾಗಿ ಕಾಣುತ್ತದೆ. ವಿಳಾಸದ ಪುರಾವೆ ಇಲ್ಲದ ಈ ಹೆಂಗಸರಿಗೂ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕು, ಆ ಕಾರ್ಡಿನಲ್ಲಿ ಅವರ ವೃತ್ತಿಯನ್ನು ತೋರಿಸುವ ಯಾವ ಗುರುತೂ, ಯಾವ ಕೋಡೂ ಇರಬಾರದು ಎಂದಿತು ಕೋರ್ಟು. ಖಡಕಿಯ ಟಿಕೆಟ್ ಹೇಳುತ್ತಿದ್ದದ್ದು ವೃತ್ತಿಯೊಂದನ್ನೇ. ಈ ಕಾರ್ಡು ಹೇಳದಿರುವುದೂ ಅದೊಂದನ್ನೇ. ಇಷ್ಟು ದೂರ ಬರಲು ನಮಗೆ 158 ವರ್ಷ ಬೇಕಾಯಿತು.

20ನೇ ಕಲಂ ತೆಗೆಯಬೇಕೆಂದು 2006ರಲ್ಲಿ ಒಂದು ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದಿತ್ತು. ಪಾಸಾಗಲಿಲ್ಲ, ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಕಲಂ ಇನ್ನೂ ಕಾನೂನಿನ ಪುಸ್ತಕದಲ್ಲಿದೆ. ಸವದತ್ತಿ ಕಡೆಯ ಹೆಂಗಸೊಬ್ಬಳು ನಾಳೆ ಕೊಗನೊಳ್ಳಿ ನಾಕಾ ದಾಟಿ ಪುಣೆಗೆ ಬಂದರೆ ದಾರಿಯಲ್ಲಿ ಯಾರೂ ತಡೆಯುವುದಿಲ್ಲ. ಆದರೆ ಬಂದು ನೆಲೆಸಿದ ಮೇಲೆ, ಇಂಥ ದಾರಿ ಹಿಡಿದು ಇಷ್ಟು ದಿನದೊಳಗೆ ಊರು ಬಿಡು, ಪರವಾನಗಿ ಇಲ್ಲದೆ ತಿರುಗಿ ಬರಬೇಡ ಎಂದು ಅವಳಿಗೆ ಬರೆದು ಕೊಡುವ ಅಧಿಕಾರ ಇನ್ನೂ ಉಳಿದಿದೆ. ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬಂದ ನಮಗೆ ಹಾಗೆ ಬರೆದು ಕೊಡುವಂತಿಲ್ಲ.