ಸಸಾರಜನಕದ ಮೋಹ: ಮಾಂಸದ ಸಾರದಿಂದ ಪ್ರೋಟೀನ್ ಬಾರ್‌ವರೆಗೆ

ಔಷಧಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಹಿಂದೆ ಕೆಮ್ಮಿನ ಮಿಠಾಯಿ, ಗ್ಲೂಕೋಸ್ ಪೊಟ್ಟಣ ಇರುತ್ತಿದ್ದ ಜಾಗವನ್ನು ಈಗ ಪ್ರೋಟೀನ್ ಬಾರ್‌ಗಳು ಹಿಡಿದಿವೆ. ಬಣ್ಣದ ಹೊದಿಕೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘20 ಗ್ರಾಂ ಪ್ರೋಟೀನ್’ ಎಂಬ ಘೋಷಣೆ. ವ್ಯಾಯಾಮ ಶಾಲೆಗೆ ಹೋಗುವ ಯುವಕರು ಕೊಳ್ಳುತ್ತಾರೆ. ಊಟಕ್ಕೆ ಬಿಡುವಿಲ್ಲದ ನೌಕರರು ಕೊಳ್ಳುತ್ತಾರೆ. ಮಗು ಸರಿಯಾಗಿ ತಿನ್ನುವುದಿಲ್ಲವೆಂದು ಕೊರಗುವ ತಾಯಂದಿರೂ ಕೊಳ್ಳುತ್ತಾರೆ. ಇದು ನಿಜಕ್ಕೂ ಆರೋಗ್ಯಕರ ತಿಂಡಿಯೇ?

ಪ್ರಶ್ನೆ ಹೊಸದೆಂದು ಕಾಣಬಹುದು. ಆದರೆ ಸಸಾರಜನಕವನ್ನು ಒಂದು ಪೊಟ್ಟಣದಲ್ಲಿ ಅಡಗಿಸಿ, ಅದನ್ನೇ ಶಕ್ತಿಯ ಮೂಲವೆಂದು ಮಾರುವ ಕಥೆಗೆ ಒಂದೂವರೆ ಶತಮಾನದ ಇತಿಹಾಸವಿದೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮೈಸೂರಿನಲ್ಲೇ.

ಹೆಸರಿನಲ್ಲೇ ಹಿರಿಮೆ

‘ಪ್ರೋಟೀನ್’ ಎಂಬ ಹೆಸರು ಮೊದಲು ಮುದ್ರಣ ಕಂಡದ್ದು 1838ರಲ್ಲಿ. ಹಾಲೆಂಡಿನ ರಸಾಯನ ವಿಜ್ಞಾನಿ ಗೆರಿಟ್ ಯಾನ್ ಮುಲ್ಡರ್ ಅದನ್ನು ಬಳಸಿದ. ಹೆಸರನ್ನು ಸೂಚಿಸಿದವನು ಸ್ವೀಡನ್ನಿನ ಬರ್ಜೀಲಿಯಸ್. ಗ್ರೀಕ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ‘ಮೊದಲ ದರ್ಜೆಯದು’ ಎಂಬ ಅರ್ಥವಿದೆ. ಹೀಗೆ ಹುಟ್ಟುವಾಗಲೇ ಈ ಪೋಷಕಾಂಶಕ್ಕೆ ಅಗ್ರಪಟ್ಟ ದೊರೆಯಿತು.

ಪಟ್ಟವನ್ನು ಗಟ್ಟಿ ಮಾಡಿದವನು ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್. ಸ್ನಾಯುಗಳು ಕೆಲಸ ಮಾಡುವಾಗ ತಮ್ಮಲ್ಲಿರುವ ಸಸಾರಜನಕವನ್ನೇ ಉರಿಸುತ್ತವೆ, ಆದ್ದರಿಂದ ದುಡಿಯುವವನಿಗೆ ಸಸಾರಜನಕವೇ ಇಂಧನ ಎಂದು ಆತ 1842ರಲ್ಲಿ ಪ್ರತಿಪಾದಿಸಿದ. ಲೀಬಿಗ್ ಆ ಕಾಲದ ದೊಡ್ಡ ಹೆಸರು. ಅವನ ಮಾತನ್ನು ಅಲ್ಲಗಳೆಯುವವರು ಕಡಿಮೆ.

1865ರಲ್ಲಿ ಅವನ ಹೆಸರಿನಲ್ಲೇ ಮಾಂಸದ ಸಾರ ತಯಾರಿಸುವ ಕಂಪೆನಿ ಸ್ಥಾಪನೆಯಾಯಿತು. ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಫ್ರೇ ಬೆಂಟೋಸ್ ಎಂಬಲ್ಲಿ ಕಾರ್ಖಾನೆ. ಅಲ್ಲಿ ದನಗಳನ್ನು ಚರ್ಮಕ್ಕಾಗಿ ಕೊಂದು ಮಾಂಸವನ್ನು ಎಸೆಯುತ್ತಿದ್ದ ಕಾಲವದು. ಸುಮಾರು 30 ಕಿಲೋ ಮಾಂಸವನ್ನು ಬೇಯಿಸಿ ಬತ್ತಿಸಿದರೆ ಒಂದು ಕಿಲೋ ಕಪ್ಪು ಸಾರ ಸಿಗುತ್ತಿತ್ತು. ಯೂರೋಪಿನ ಆಸ್ಪತ್ರೆಗಳಲ್ಲಿ, ಸೈನ್ಯದಲ್ಲಿ, ಮಧ್ಯಮ ವರ್ಗದ ಅಡಿಗೆಮನೆಗಳಲ್ಲಿ ಅದು ಬಲದ ಔಷಧಿಯಾಗಿ ಹೋಯಿತು. ಆದರೆ ಬೇಯಿಸಿ ಸೋಸುವಾಗ ಮಾಂಸದ ಸಸಾರಜನಕದ ಬಹುಪಾಲು ಹಿಂದೆಯೇ ಉಳಿಯುತ್ತಿತ್ತು. ಡಬ್ಬಿಯಲ್ಲಿ ಇದ್ದದ್ದು ಹೆಚ್ಚಾಗಿ ರುಚಿ ಮತ್ತು ಲವಣ. ಟೀಕೆಗಳು ಬಂದ ಮೇಲೆ ಸ್ವತಃ ಲೀಬಿಗ್ ತನ್ನ ಹೇಳಿಕೆಗಳನ್ನು ಸಡಿಲಿಸಬೇಕಾಯಿತು.

ಬೆಟ್ಟ ಹತ್ತಿದ ಇಬ್ಬರು ಪ್ರಾಧ್ಯಾಪಕರು

ಕಂಪೆನಿ ಆರಂಭವಾದ ವರ್ಷವೇ ಸ್ವಿಟ್ಜರ್‌ಲೆಂಡಿನಲ್ಲಿ ಒಂದು ಸರಳ ಪ್ರಯೋಗ ನಡೆಯಿತು. ಜ್ಯೂರಿಕ್‌ನ ಪ್ರಾಧ್ಯಾಪಕರಾದ ಅಡಾಲ್ಫ್ ಫಿಕ್ ಮತ್ತು ಯೋಹಾನೆಸ್ ವಿಸ್ಲಿಸೇನಸ್ ಫೌಲ್‌ಹಾರ್ನ್ ಎಂಬ ಬೆಟ್ಟವನ್ನು ಹತ್ತಿದರು. ಏರಬೇಕಾದ ಎತ್ತರ ಸುಮಾರು 1,950 ಮೀಟರು. ಹಿಂದಿನ ದಿನದಿಂದಲೇ ಅವರು ಸಸಾರಜನಕವಿಲ್ಲದ ಆಹಾರವನ್ನಷ್ಟೇ ತಿಂದಿದ್ದರು: ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆ, ಸಕ್ಕರೆ ಹಾಕಿದ ಚಹಾ.

ಸಸಾರಜನಕ ದೇಹದಲ್ಲಿ ಕರಗಿದಾಗ ಅದರ ಸಾರಜನಕ ಮೂತ್ರದ ಮೂಲಕ ಹೊರಬರುತ್ತದೆ. ಇಬ್ಬರೂ ತಮ್ಮ ಮೂತ್ರವನ್ನು ಸಂಗ್ರಹಿಸಿ ಅಳೆದರು. ಅಷ್ಟು ಸಸಾರಜನಕದಿಂದ ಹುಟ್ಟಿರಬಹುದಾದ ಶಕ್ತಿ, ಬೆಟ್ಟ ಹತ್ತಲು ಬೇಕಾದ ಶಕ್ತಿಯ ಅರ್ಧದಷ್ಟೂ ಆಗುವುದಿಲ್ಲವೆಂದು ಲೆಕ್ಕ ತೋರಿಸಿತು. ಅಂದರೆ ಅವರನ್ನು ಮೇಲಕ್ಕೆ ಒಯ್ದದ್ದು ಪಿಷ್ಟ ಮತ್ತು ಕೊಬ್ಬು. ಸಸಾರಜನಕದ ಮುಖ್ಯ ಕೆಲಸ ದೇಹವನ್ನು ಕಟ್ಟುವುದು, ಸವೆದದ್ದನ್ನು ರಿಪೇರಿ ಮಾಡುವುದು. ಉರುವಲಾಗುವುದು ಅದರ ಮೊದಲ ಕೆಲಸವಲ್ಲ.

ಆದರೂ ಮೋಹ ಹೋಗಲಿಲ್ಲ. ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಸಸಾರಜನಕ ಬೇಕೆಂದು ಜರ್ಮನಿಯ ಕಾರ್ಲ್ ಫಾನ್ ಫಾಯ್ಟ್ ನಿಗದಿ ಮಾಡಿದ್ದ. ಕೆಲಸಗಾರರು ಏನು ತಿನ್ನುತ್ತಿದ್ದರೋ ಅದನ್ನೇ ಆಧಾರವಾಗಿಟ್ಟುಕೊಂಡ ಲೆಕ್ಕವದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟ್ಟೆಂಡನ್ ಇದನ್ನು ಪರೀಕ್ಷಿಸಿದರು. ಅಧ್ಯಾಪಕರು, ಸೈನಿಕರು ಮತ್ತು ಕ್ರೀಡಾಪಟುಗಳು ತಿಂಗಳುಗಟ್ಟಲೆ ಇದರ ಅರ್ಧದಷ್ಟು ಸಸಾರಜನಕದಲ್ಲೇ ಆರೋಗ್ಯವಾಗಿ ಇದ್ದರೆಂದು 1904ರಲ್ಲಿ ಪ್ರಕಟಿಸಿದರು.

ಬಂಗಾರದ ಕರಾವಳಿಯ ಮಕ್ಕಳು

ಇಪ್ಪತ್ತನೆಯ ಶತಮಾನದಲ್ಲಿ ಕಥೆ ಶ್ರೀಮಂತರ ಊಟದ ಮೇಜಿನಿಂದ ಬಡವರ ಮಕ್ಕಳ ಕಡೆಗೆ ತಿರುಗಿತು. ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1933ರಲ್ಲಿ ಒಂದು ಕಾಯಿಲೆಯನ್ನು ವರ್ಣಿಸಿದರು. ಮಗುವಿನ ಕಾಲು ಊದಿಕೊಳ್ಳುತ್ತದೆ, ಚರ್ಮ ಸುಲಿಯುತ್ತದೆ, ಕೂದಲು ಬಣ್ಣಗೆಡುತ್ತದೆ, ಆಟ ಬೇಡವಾಗುತ್ತದೆ. ಸ್ಥಳೀಯ ಗಾ ಭಾಷೆಯಲ್ಲಿ ಅದಕ್ಕೆ ‘ಕ್ವಾಶಿಯೋರ್‌ಕರ್’ ಎಂಬ ಹೆಸರಿತ್ತು. ಬೆನ್ನಿಗೇ ಇನ್ನೊಂದು ಕೂಸು ಹುಟ್ಟಿದಾಗ ತಾಯಿಯ ಮೊಲೆಯಿಂದ ದೂರವಾದ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಭಾವ. ಆ ಮಗುವಿಗೆ ಸಿಗುತ್ತಿದ್ದದ್ದು ಬರಿಯ ಮೆಕ್ಕೆಜೋಳದ ಗಂಜಿ.

ಹಾಲು ಕೊಟ್ಟಾಗ ಮಕ್ಕಳು ಚೇತರಿಸಿಕೊಂಡದ್ದರಿಂದ ಇದು ಸಸಾರಜನಕದ ಕೊರತೆ ಎಂಬ ಅಭಿಪ್ರಾಯ ಬಲವಾಯಿತು. 1955ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಸಸಾರಜನಕ ಸಲಹಾ ಮಂಡಲಿಯೊಂದು ಸ್ಥಾಪನೆಯಾಯಿತು. 1968ರ ವೇಳೆಗೆ ವಿಶ್ವಸಂಸ್ಥೆ ‘ಸನ್ನಿಹಿತವಾಗಿರುವ ಸಸಾರಜನಕ ಬಿಕ್ಕಟ್ಟಿ’ನ ಬಗ್ಗೆ ವರದಿಯನ್ನೇ ಹೊರತಂದಿತು. ಮೀನಿನ ಹಿಟ್ಟು, ಸೋಯಾ ಹಿಟ್ಟು, ಪೆಟ್ರೋಲಿಯಂ ಮೇಲೆ ಬೆಳೆಸಿದ ಯೀಸ್ಟು, ಹೀಗೆ ಎಲ್ಲೆಲ್ಲಿಂದ ಸಸಾರಜನಕ ತೆಗೆಯಬಹುದೆಂದು ಜಗತ್ತಿನ ಪ್ರಯೋಗಾಲಯಗಳು ಹುಡುಕತೊಡಗಿದವು.

ಚೆಲುವಾಂಬ ಮಹಲಿನ ಕಡಲೆಕಾಯಿ

ಮೈಸೂರು ಈ ಕಥೆಗೆ ಪ್ರವೇಶಿಸುವುದು ಇಲ್ಲೇ. 1950ರ ಅಕ್ಟೋಬರಿನಲ್ಲಿ ಅಲ್ಲಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಅಮೆರಿಕದಲ್ಲಿ 1940ರ ದಶಕದಲ್ಲಿ ಸೋಯಾದಿಂದ ‘ಮಲ್ಟಿಪರ್ಪಸ್ ಫುಡ್’ ಎಂಬ ಅಗ್ಗದ ಪುಡಿಯನ್ನು ತಯಾರಿಸಲಾಗಿತ್ತು. ನಮ್ಮಲ್ಲಿ ಆಗ ಸೋಯಾ ಅಪರೂಪ, ಕಡಲೆಕಾಯಿ ಯಥೇಚ್ಛ. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಜೊತೆಗೆ ಜೀವಸತ್ವ ಮತ್ತು ಖನಿಜಗಳನ್ನು ಬೆರೆಸಿ ಮೈಸೂರಿನ ವಿಜ್ಞಾನಿಗಳು ಭಾರತೀಯ ಮಲ್ಟಿಪರ್ಪಸ್ ಫುಡ್ ತಯಾರಿಸಿದರು. ಅದರ ತೂಕದ ಸುಮಾರು ಶೇ 40ಕ್ಕೂ ಹೆಚ್ಚು ಭಾಗ ಸಸಾರಜನಕವೇ. ಹಾಲಿಗೆ ಕಡಲೆಕಾಯಿಯ ಸಸಾರಜನಕ ಸೇರಿಸಿದ ‘ಮಿಲ್ಟೋನ್’ ಪಾನೀಯವೂ ಇದೇ ಸಂಶೋಧನಾಲಯದ ಕೂಸು.

ಕಾರ್ಖಾನೆಯ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ದನದ ಮೇವಾಗಿಯೋ ಗೊಬ್ಬರವಾಗಿಯೋ ಹೋಗುತ್ತಿದ್ದ ಹಿಂಡಿಯನ್ನು ಮನುಷ್ಯರ ತಟ್ಟೆಗೆ ತರುವ ಈ ಯೋಚನೆ ಸಣ್ಣದೇನಲ್ಲ. ಆದರೆ ಎರಡು ಅಡ್ಡಿಗಳು ಎದುರಾದವು. ಮೊದಲನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನಿಂದ ಹುಟ್ಟಿದ ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ತೇವದಲ್ಲಿ ಕೂಡಿಟ್ಟ ಕಡಲೆಕಾಯಿಯ ಬಗ್ಗೆ ಅಂದಿನಿಂದ ಎಲ್ಲೆಡೆ ಎಚ್ಚರ ಬೇಕಾಯಿತು.

ಎರಡನೆಯ ಅಡ್ಡಿ ಇನ್ನೂ ಆಳವಾದದ್ದು. ಪ್ರಶ್ನೆಯೇ ತಪ್ಪಾಗಿದೆಯೇ ಎಂಬ ಅನುಮಾನ ಅದು.

ಕೊರತೆ ಯಾವುದರದ್ದು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಹೋದ್ಯೋಗಿಗಳು ಬಡ ಕುಟುಂಬಗಳ ಮಕ್ಕಳ ಊಟವನ್ನು ತೂಗಿ ನೋಡಿದರು. ಮಕ್ಕಳು ತಿನ್ನುತ್ತಿದ್ದ ಅನ್ನ, ರೊಟ್ಟಿ, ಬೇಳೆಯಲ್ಲಿ ಸಸಾರಜನಕದ ಪ್ರಮಾಣ ಅಷ್ಟೇನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಊಟವೇ. ಅದೇ ಬಗೆಯ ಊಟವನ್ನು ಹೊಟ್ಟೆ ತುಂಬ ಕೊಟ್ಟರೆ ಬಹುಪಾಲು ಮಕ್ಕಳಿಗೆ ಸಸಾರಜನಕವೂ ತಾನಾಗಿ ಸಿಗುತ್ತಿತ್ತು. ಹೊಟ್ಟೆ ತುಂಬದ ಮಗುವಿಗೆ ಸಸಾರಜನಕದ ಪುಡಿಯನ್ನು ಮಾತ್ರ ತಿನ್ನಿಸಿದರೆ ದೇಹ ಅದನ್ನು ಉರುವಲಾಗಿ ಸುಡುತ್ತದೆ. ಮನೆ ಕಟ್ಟಲು ತಂದ ತೊಲೆಯನ್ನು ಒಲೆಗೆ ಹಾಕಿದ ಹಾಗೆ. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರೂ ಅಂಕಿ ಅಂಶಗಳ ಮೂಲಕ ಇದೇ ವಾದವನ್ನು ಮುಂದಿಟ್ಟರು.

1973ರಲ್ಲಿ ವಿಶ್ವಸಂಸ್ಥೆಯ ತಜ್ಞರು ಸಸಾರಜನಕದ ಅಗತ್ಯದ ಪ್ರಮಾಣವನ್ನು ಇಳಿಸಿದರು. ಮರುವರ್ಷ ಡೊನಾಲ್ಡ್ ಮೆಕ್ಲಾರೆನ್ ಎಂಬ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಇಡೀ ಪ್ರಕರಣವನ್ನು ‘ಮಹಾ ಪ್ರೋಟೀನ್ ಪ್ರಮಾದ’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಟೀಕಿಸಿದರು. ಸಲಹಾ ಮಂಡಲಿ 1977ರಲ್ಲಿ ಮುಚ್ಚಿತು. ನಮ್ಮಲ್ಲಿ 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಯ ಪ್ರತಿ ಮಗುವಿಗೆ ದಿನಕ್ಕೆ 300 ಕ್ಯಾಲೊರಿ ಮತ್ತು 8ರಿಂದ 10 ಗ್ರಾಂ ಸಸಾರಜನಕ ಎಂದು ಎರಡನ್ನೂ ಒಟ್ಟಿಗೆ ಹೇಳಿದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ಆದರೆ ಸಸಾರಜನಕ ಮುಖ್ಯವೇ ಅಲ್ಲ ಎಂದು ಇದರಿಂದ ತಿಳಿಯಬಾರದು. ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ, ಕಾಯಿಲೆಯಿಂದ ಎದ್ದವರಿಗೆ ಅದರ ಅಗತ್ಯ ಹೆಚ್ಚು. ಬರಿಯ ಅನ್ನವನ್ನೇ ಉಂಡು ಬೇಳೆಕಾಳನ್ನು ಮರೆತ ಊಟದಲ್ಲಿ ಹೊಟ್ಟೆ ತುಂಬಿದರೂ ಕೊರತೆ ಉಳಿಯಬಹುದು. ಊಟದ ಉಳಿದ ಭಾಗವನ್ನು ಮರೆತು ಒಂದೇ ಅಂಶವನ್ನು ಪೂಜಿಸಿದ್ದು ಅಂದಿನ ತಪ್ಪು.

ತಿಳಿನೀರಿಗೆ ಬಂದ ಬೆಲೆ

ಬಡ ಮಕ್ಕಳ ಸಸಾರಜನಕದ ಚರ್ಚೆ ತಣ್ಣಗಾಗುವ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಇನ್ನೊಂದು ಮಾರುಕಟ್ಟೆ ಸಿದ್ಧವಾಗಿತ್ತು. 1950ರ ದಶಕದಲ್ಲೇ ಅಮೆರಿಕದ ಬಾಬ್ ಹಾಫ್‌ಮನ್ ಎಂಬ ವ್ಯಾಯಾಮ ಸಲಕರಣೆಗಳ ತಯಾರಕ ದೇಹದಾರ್ಢ್ಯ ಪಟುಗಳಿಗೆ ಸೋಯಾ ಪುಡಿ ಮಾರುತ್ತಿದ್ದ. ಚಂದ್ರಯಾನದ ಸಂಭ್ರಮದಲ್ಲಿ ಪಿಲ್ಸ್‌ಬರಿ ಕಂಪೆನಿ ‘ಸ್ಪೇಸ್ ಫುಡ್ ಸ್ಟಿಕ್ಸ್’ ಎಂಬ ಅಗಿಯುವ ಕಡ್ಡಿಗಳನ್ನು ಅಂಗಡಿಗೆ ತಂದಿತು. ಮ್ಯಾರಥಾನ್ ಓಟಗಾರ ಬ್ರಯನ್ ಮ್ಯಾಕ್ಸ್‌ವೆಲ್ 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ‘ಪವರ್‌ಬಾರ್’ ಆರಂಭಿಸಿದ. ಓಟದ ನಡುವೆ ತ್ರಾಣ ಕುಂದಿದ ಅನುಭವದಿಂದ ಹುಟ್ಟಿದ ಆ ಬಾರ್‌ನ ಮುಖ್ಯ ಸರಕು ಪಿಷ್ಟ ಮತ್ತು ಸಕ್ಕರೆಯೇ ಹೊರತು ಸಸಾರಜನಕವಲ್ಲ. ಬೆಟ್ಟ ಹತ್ತಿದ ಪ್ರಾಧ್ಯಾಪಕರು ಕಂಡುಕೊಂಡ ಸತ್ಯವೇ ಅದು.

ಬಾರ್‌ಗೆ ಸಸಾರಜನಕವನ್ನು ತುಂಬಿದ್ದು ಚೀಸ್ ಕಾರ್ಖಾನೆಗಳ ತಿಳಿನೀರು. ಹತ್ತು ಲೀಟರ್ ಹಾಲಿನಿಂದ ಒಂದು ಕಿಲೋ ಚೀಸ್ ಮಾಡಿದರೆ ಸುಮಾರು ಒಂಬತ್ತು ಲೀಟರ್ ತಿಳಿನೀರು ಉಳಿಯುತ್ತದೆ. ಅದನ್ನು ಹಂದಿಗೆ ಹಾಕುತ್ತಿದ್ದರು, ಹೊಳೆಗೂ ಬಿಡುತ್ತಿದ್ದರು. ಹೊಳೆ ಕೆಡುತ್ತದೆಂದು ಕಾನೂನು ಬಿಗಿಯಾದಾಗ ಬೇರೆ ದಾರಿ ಬೇಕಾಯಿತು. 1970ರ ದಶಕದಲ್ಲಿ ಸೂಕ್ಷ್ಮ ಪೊರೆಗಳ ಮೂಲಕ ಸೋಸುವ ತಂತ್ರ ಬಂದು, ತಿಳಿನೀರಿನ ಸಸಾರಜನಕವನ್ನು ಬೇರ್ಪಡಿಸಿ ಪುಡಿ ಮಾಡುವುದು ಲಾಭದಾಯಕವಾಯಿತು. ಇಂದು ‘ವೇ ಪ್ರೋಟೀನ್’ ಎಂದು ದುಬಾರಿ ಬೆಲೆಗೆ ಮಾರಾಟವಾಗುವುದು ಇದೇ. ಉರುಗ್ವೆಯ ಮಾಂಸ, ಮೈಸೂರಿನ ಹಿಂಡಿ, ಚೀಸಿನ ತಿಳಿನೀರು, ಮೂರರ ಕಥೆಯೂ ಒಂದೇ: ಉಳಿಕೆಗೆ ಮಾರುಕಟ್ಟೆ ಹುಡುಕಿದ್ದು. ಮೈಸೂರಿನವರು ಅದನ್ನು ಹಸಿದವರಿಗಾಗಿ ಹುಡುಕಿದರು ಎಂಬುದಷ್ಟೇ ವ್ಯತ್ಯಾಸ.

ಹಾಗಾದರೆ ತಿನ್ನಬೇಕೇ, ಬೇಡವೇ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಸಾಕು. 65 ಕಿಲೋ ತೂಗುವ ಗಂಡಸಿಗೆ ಸುಮಾರು 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಮೈಕಟ್ಟು ಬೆಳೆಸಲೆಂದು ಪ್ರೋಟೀನ್ ಪುಡಿಗಳ ಮೊರೆಹೋಗುವುದು ಬೇಡವೆಂದು ಅದೇ ಸಂಸ್ಥೆಗಳು 2024ರ ಆಹಾರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿವೆ.

ಸುಮಾರು 60 ಗ್ರಾಂ ತೂಕದ ಒಂದು ಬಾರ್‌ನಲ್ಲಿ ಸಾಮಾನ್ಯವಾಗಿ 15ರಿಂದ 20 ಗ್ರಾಂ ಸಸಾರಜನಕ, 200ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ. ಒಂದು ಹಿಡಿ ಹುರಿಗಡಲೆ, ಅರ್ಧ ಹಿಡಿ ಕಡಲೆಕಾಯಿ ಬೀಜ ಸೇರಿಸಿ 80 ಗ್ರಾಂ ತಿಂದರೂ 17–18 ಗ್ರಾಂ ಸಸಾರಜನಕ ಸಿಗುತ್ತದೆ. ಕ್ಯಾಲೊರಿ ಅದರಲ್ಲಿ ಬಾರ್‌ಗಿಂತ ಹೆಚ್ಚು ಎಂಬುದನ್ನೂ ಒಪ್ಪಬೇಕು. ನಮ್ಮ ಚಿಕ್ಕಿಯೂ ನಿರ್ದೋಷಿಯಲ್ಲ, ಅದರಲ್ಲಿ ಬೆಲ್ಲದ ಪಾಲು ದೊಡ್ಡದು. ಆದರೆ ಹುರಿದ ಕಾಳಿನಲ್ಲಿ ನಾರು, ಖನಿಜ ಎಲ್ಲವೂ ಒಟ್ಟಿಗೆ ಬರುತ್ತವೆ. ಏನು ತಿನ್ನುತ್ತಿದ್ದೇವೆಂಬುದು ಕಣ್ಣಿಗೆ ಕಾಣುತ್ತದೆ. ಬೆಲೆಯಂತೂ ಹೋಲಿಸುವಂತೆಯೇ ಇಲ್ಲ.

ಬಾರ್ ಕೊಳ್ಳುವವರು ಹೊದಿಕೆಯ ಹಿಂಬದಿಯನ್ನು ಓದುವುದು ಒಳ್ಳೆಯದು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಸಕ್ಕರೆ, ಗ್ಲೂಕೋಸ್ ದ್ರಾವಣ, ತಾಳೆ ಎಣ್ಣೆ ಪಟ್ಟಿಯ ಮೊದಲ ಸಾಲಿನಲ್ಲಿದ್ದರೆ ಅದು ಮಿಠಾಯಿಯೇ, ಹೆಸರು ಮಾತ್ರ ಬೇರೆ. ‘ಸಕ್ಕರೆರಹಿತ’ ಎಂದಿದ್ದು ಮಾಲ್ಟಿಟಾಲ್‌ನಂಥ ಸಿಹಿಕಾರಕವಿದ್ದರೆ ಕೆಲವರಿಗೆ ಹೊಟ್ಟೆ ಉಬ್ಬರ, ಭೇದಿ ಆಗುವುದುಂಟು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಊಟ ತಪ್ಪಿದ ದಿನ, ದೂರದ ಪ್ರಯಾಣದಲ್ಲಿ, ಕಠಿಣ ವ್ಯಾಯಾಮದ ನಂತರ ಒಳ್ಳೆಯ ಬಾರ್ ಒಂದು ಅನುಕೂಲ. ಹಳೆಯ ಮೈಸೂರು ಸೀಮೆಯ ಜನ ಪ್ರಯಾಣಕ್ಕೆ ಹುರಿಹಿಟ್ಟು, ಬೆಲ್ಲ ಕಟ್ಟಿಕೊಂಡು ಹೋಗುತ್ತಿದ್ದದ್ದು ಇಂಥದೇ ಅನುಕೂಲಕ್ಕೆ. ಆದರೆ ಅದನ್ನು ಯಾರೂ ಊಟಕ್ಕೆ ಬದಲು ಎಂದು ತಿಳಿಯಲಿಲ್ಲ. ಊರು ತಲುಪಿದ ಮೇಲೆ ಮುದ್ದೆ, ಸಾರು, ಕಾಳು ಕಾದಿರುತ್ತಿದ್ದವು. ಮಗು ತಿನ್ನುವುದಿಲ್ಲವೆಂದು ಬಾರ್ ಕೊಳ್ಳುವ ತಾಯಿಗೆ ಹೈದರಾಬಾದಿನ ಆ ತಕ್ಕಡಿ ಹೇಳುವ ಮಾತೂ ಅದೇ: ಮೊದಲು ಹೊಟ್ಟೆ ತುಂಬ ಊಟ, ಅದರಲ್ಲಿ ಒಂದು ಪಾಲು ಕಾಳು. ಬಾರ್‌ನ ಸರದಿ ಅದಾದ ಮೇಲೆ.