ಆರತಿ ಹೋದ ದಾರಿ

ಕಳೆದ ಬೇಸಿಗೆಯಲ್ಲಿ ಊರಹಬ್ಬಕ್ಕೆ ಹೋಗಿದ್ದೆ. ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಸಣ್ಣ ಹಳ್ಳಿ. ವರ್ಷವಿಡೀ ಬಿಕೋ ಅನ್ನುವ ಬೀದಿಯಲ್ಲಿ ಅವತ್ತೊಂದು ದಿನ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಬೆಂಗಳೂರಲ್ಲಿ ಕಂಪ್ಯೂಟರ್ ಕುಟ್ಟುವ ನನ್ನಂಥವರೆಲ್ಲ ಬಂದಿಳಿದಿರುತ್ತೇವೆ :-)

ನಮ್ಮ ಕಡೆ ಊರಹಬ್ಬ ಅಂದರೆ ಆರತಿ. ಅಕ್ಕಿಹಿಟ್ಟು, ಬೆಲ್ಲದ ತಂಬಿಟ್ಟು ಮಾಡಿ, ನಡುವೆ ಗುಳಿ ತೆಗೆದು ತುಪ್ಪದ ದೀಪ ಹಚ್ಚುತ್ತಾರೆ. ಸುತ್ತ ಹೂವು. ತಟ್ಟೆಯನ್ನು ತಲೆಯ ಮೇಲೆ ಹೊತ್ತು ಹೆಂಗಸರು ಸಾಲಾಗಿ ಮಾರಮ್ಮನ ಗುಡಿಗೆ ನಡೆಯುತ್ತಾರೆ. ಮುಂದೆ ತಮಟೆ. ಮಡಿವಾಳರು ನೆಲಕ್ಕೆ ನಡೆಮಡಿ ಹಾಸುತ್ತಾ ಹೋಗುತ್ತಾರೆ. ದೀಪ ಆರಬಾರದು, ತಟ್ಟೆ ವಾಲಬಾರದು, ತಮಟೆಯ ಗತ್ತಿಗೆ ಹೆಜ್ಜೆ ತಪ್ಪಬಾರದು. ಸೋಮನ ಕುಣಿತ, ಪೂಜಾ ಕುಣಿತಗಳನ್ನು ಜನಪದ ಕಲೆ ಅಂತ ಓದಿದ್ದೇವೆ. ಇಡೀ ಊರು ಸೇರಿ ಹೀಗೆ ನಡೆಯುವುದೂ ಕಲೆಯೇ ಅಂತ ಯಾರೂ ನಮಗೆ ಹೇಳಲಿಲ್ಲ.

ಈ ನಡಿಗೆಯ ದೊಡ್ಡಣ್ಣ ಅಂದರೆ ಕರಗ. ಬೆಂಗಳೂರಿನದು ಹೆಸರುವಾಸಿ, ಆದರೆ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲೂ ಕರಗ ನಡೆಯುತ್ತದೆ. ಬೆಂಗಳೂರಿನಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ, ತಿಗಳ ಸಮುದಾಯದ ಒಬ್ಬರು ಹೆಣ್ಣುಡುಗೆಯಲ್ಲಿ ಕರಗ ಹೊತ್ತು, ಕತ್ತಿ ಹಿಡಿದ ವೀರಕುಮಾರರ ನಡುವೆ ಹಳೆಪೇಟೆ ಸುತ್ತುತ್ತಾರೆ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತಾರೆ. ನನಗೆ ತುಂಬಾ ಕಾಡಿದ್ದು ಸಂಪಂಗಿ ಕೆರೆಯ ಕಥೆ. ಕೆರೆ ಹೋಯಿತು, ಅದರ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಆದರೂ ಪಕ್ಕದಲ್ಲೊಂದು ಪುಟ್ಟ ಕೊಳ ಉಳಿದಿದೆ. ಯಾಕೆ ಗೊತ್ತೇ? ಕರಗದ ಆಚರಣೆಗೆ ಅದು ಬೇಕು! ನಗರ ನುಂಗಿದ ಕೆರೆಯಲ್ಲಿ ಅಷ್ಟನ್ನಾದರೂ ಉಳಿಸಿದ್ದು ವರ್ಷಕ್ಕೊಮ್ಮೆ ಬರುವ ಆ ಹಬ್ಬ.

ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ನಾನು ಚಿಕ್ಕವನಿದ್ದಾಗ ಆರತಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ, ಕೆರೆ ಏರಿ ಹತ್ತಿ ಗುಡಿಗೆ ಹೋಗುತ್ತಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು, ಆಮೇಲೆ ಸುತ್ತಲಿನ ಜಮೀನಿನ ಬೆಲೆ ಏನಾಯಿತೆಂದು ನಿಮಗೇ ಗೊತ್ತು. ಹೊಲ ಮಾರಾಟವಾಯಿತು, ಬಂಡಿದಾರಿಗೆ ಬೇಲಿ, ಬೇಲಿಗೊಂದು ಗೇಟು. ಈ ಸಲ ಆರತಿ ಡಾಂಬರು ರಸ್ತೆಯಲ್ಲಿ ಹೋಯಿತು. ಲಾರಿಗಳು ಬಂದಾಗಲೆಲ್ಲ ಸಾಲು ಮುರಿದು ಪಕ್ಕಕ್ಕೆ ಸರಿಯಬೇಕು. ಗುಡಿ ತಲುಪುವಷ್ಟರಲ್ಲಿ ಅರ್ಧ ದೀಪಗಳು ಆರಿದ್ದವು.

ಬೆಂಗಳೂರಿಗೆ ಬಂದು ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ನಮ್ಮೂರ ನಕ್ಷೆ ಇಳಿಸಿಕೊಂಡೆ. ಜೋಡಿ ಚುಕ್ಕೆಗೆರೆಯಲ್ಲಿ ಬಂಡಿದಾರಿ ಸ್ಪಷ್ಟವಾಗಿದೆ! ಇಂಥದ್ದಕ್ಕೆ 'ನಕಾಶೆ ಕಂಡ ದಾರಿ' ಅನ್ನುತ್ತಾರಂತೆ. ಪ್ರಿಂಟ್ ತೆಗೆದುಕೊಂಡು ಹೋಗಿ ಹೆಮ್ಮೆಯಿಂದ ಅಜ್ಜಿಗೆ ತೋರಿಸಿದೆ. ಅಜ್ಜಿ ಕಾಗದ ನೋಡಲೇ ಇಲ್ಲ. "ನಡುದ್ರೆ ದಾರಿ ಕಣಪ್ಪ, ನಡೀದಿದ್ರೆ ಬೇಲಿ. ಬೇಲಿ ಹಾಕ್ದಾಗ ನೀವೆಲ್ಲ ಎಲ್ಲಿದ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಂತ ಹಳೆಯದೆಲ್ಲ ಚೆನ್ನಾಗಿತ್ತು ಅನ್ನಲಾರೆ. ನಾನು ಹುಡುಗನಾಗಿದ್ದಾಗ ತಮಟೆಯವರು ದಾರಿಯುದ್ದಕ್ಕೂ ಎಲ್ಲರಿಗಿಂತ ಮುಂದಿರುತ್ತಿದ್ದರು, ಗುಡಿ ಬಾಗಿಲಲ್ಲಿ ಮಾತ್ರ ಹೊರಗೆ ನಿಲ್ಲುತ್ತಿದ್ದರು. ದಾರಿ ಉಳಿಸಿಕೊಳ್ಳುವುದಾದರೆ ಅದು ಎಲ್ಲರನ್ನೂ ಗುಡಿಯ ಒಳಗೆ ಮುಟ್ಟಿಸುವ ದಾರಿಯಾಗಿರಬೇಕು.

2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಜಿಲ್ಲೆಗೆ 'ಬೆಂಗಳೂರು ಉತ್ತರ' ಅಂತ ಹೆಸರಿಡಲು ತೀರ್ಮಾನಿಸಿತು. 1986ರಲ್ಲಿ ಜಿಲ್ಲೆಯಾದಾಗ ಸಿಕ್ಕಿದ 'ಗ್ರಾಮಾಂತರ' ಅನ್ನುವ ಮಾತೂ ಹೊರಟಿತು. ಹೆಸರು ಹೋದರೆ ಹೋಗಲಿ, ದಾರಿಯೂ ಹೋದರೆ ಗ್ರಾಮ ಅಂತ ತೋರಿಸಲು ಏನು ಉಳಿಯುತ್ತದೆ?

ಗೇಟು ತೆಗೆಯಿರಿ ಅಂತ ಜಮೀನಿನವರನ್ನು ಊರಿನವರು ಕೇಳಿದ್ದಾರೆ. ವರ್ಷಕ್ಕೆ ಒಂದೇ ರಾತ್ರಿ. ಇನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಮುಂದಿನ ಹಬ್ಬಕ್ಕೆ ನಾನು ಕಾರನ್ನು ಊರಾಚೆಯೇ ನಿಲ್ಲಿಸಿ ನಡೆದು ಹೋಗುತ್ತೇನೆ.

ನಿಮ್ಮೂರಿನಲ್ಲಿ ಆರತಿ ಈಗ ಯಾವ ದಾರಿಯಲ್ಲಿ ಹೋಗುತ್ತದೆ?